ಕ್ಯೂಬ್ ರಿಜಿಸ್ಟರ್‌ನಲ್ಲಿ ಒಂದೂ ಫೇಲ್ ಇಲ್ಲ ಅಂದರೆ ಅದನ್ನು ಯಾರು ನಂಬಬೇಕು?

ಗುಂಡುಕಲ್ಲು (ತುಮಕೂರು)

ಎಲ್ಲರಿಗೂ ನಮಸ್ಕಾರ. 19 ವರ್ಷದಿಂದ ಕ್ವಾಲಿಟಿ ಕಂಟ್ರೋಲ್ ಕೆಲಸದಲ್ಲಿದ್ದೇನೆ. ಸೇತುವೆ, ನೀರಿನ ಟ್ಯಾಂಕು, ಆಸ್ಪತ್ರೆ, ಅಪಾರ್ಟ್‌ಮೆಂಟು ಎಲ್ಲ ಆಗಿದೆ. ಹೋದ ತಿಂಗಳು ನಡೆದದ್ದೊಂದು ತಲೆಯಿಂದ ಇಳಿಯುತ್ತಿಲ್ಲ. ಇಲ್ಲಿ ಇದೇ ಕೆಲಸದವರು ಬಹಳ ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಎಂಟು ವರ್ಷದ ಹಿಂದೆ ನಾನಿದ್ದ ಒಂದು ಕಾಮಗಾರಿಯ ತಕರಾರು ಈಗ ಆರ್ಬಿಟ್ರೇಷನ್‌ನಲ್ಲಿದೆ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಮಾನಿಸುವುದು). ಯಾರದ್ದು, ಎಲ್ಲಿ ಅನ್ನುವುದು ಬೇಡ. ಸಾಕ್ಷಿ ಹೇಳಲು ನನ್ನನ್ನು ಕರೆದಿದ್ದರು. ಮೇಜಿನ ಮೇಲೆ ನಮ್ಮ ಹಳೇ ಕ್ಯೂಬ್ ರಿಜಿಸ್ಟರ್ ಇತ್ತು, ಅಂದರೆ ಸೈಟಿನ ಕಾಂಕ್ರೀಟನ್ನು ಅಚ್ಚಿಗೆ ಹಾಕಿ, ಗಟ್ಟಿಯಾದ ಮೇಲೆ ಮಷಿನ್ನಿನಲ್ಲಿ ಒಡೆದು, ಎಷ್ಟು ತಡೆಯಿತು ಅಂತ ಬರೆಯುವ ಪುಸ್ತಕ. ನೀಲಿ ರಟ್ಟು, ಒಂದು ಮೂಲೆ ಗೆದ್ದಲು ತಿಂದಿದೆ. ಎಂ25 ಕಾಂಕ್ರೀಟಿನ 212 ಸ್ಯಾಂಪಲ್. ಒಂದೆರಡು ಬಿಟ್ಟರೆ ಎಲ್ಲವೂ 31ರಿಂದ 33ರ ಒಳಗೆ. ಏಪ್ರಿಲ್ ಬಿಸಿಲಿನಲ್ಲಿ ಹಾಕಿದ್ದೂ 32, ಜುಲೈ ಜಡಿಮಳೆಯಲ್ಲಿ ಹಾಕಿದ್ದೂ 32. ಆರ್ಬಿಟ್ರೇಟರ್ ನಿವೃತ್ತ ಚೀಫ್ ಇಂಜಿನಿಯರ್. ಮಾತಾಡದೆ ಹಾಳೆ ತಿರುವುತ್ತಾ ಹೋದವರು ಒಂದು ಕಡೆ ನಿಂತರು. ಆ ಹಾಳೆಯಲ್ಲಿ ಇಂಕು ಬೇರೆ, ಸಿಮೆಂಟು ಮೆತ್ತಿದ ಹೆಬ್ಬೆರಳಿನ ಗುರುತು ಬೇರೆ. ಅಂಕಿ 21.8. ಕೆಳಗೆ ನನ್ನ ಅಕ್ಷರ: ‘3ನೇ ಟಿಎಂ. ಪಂಪ್ ಕೆಟ್ಟು 3 ಗಂಟೆ 10 ನಿಮಿಷ ನಿಂತಿತ್ತು. ಸಿ-4 ಕಾಲಂಗೆ ಹೋಗಿದೆ. ಕೋರ್ ತೆಗೆಯಬೇಕು.’ (ಟಿಎಂ ಅಂದರೆ ಕಾಂಕ್ರೀಟು ತರುವ ಮಿಕ್ಸರ್ ಗಾಡಿ, ಕೋರ್ ಅಂದರೆ ಗಟ್ಟಿಯಾದ ಕಾಂಕ್ರೀಟಿನಿಂದ ಕೊರೆದು ತೆಗೆಯುವ ತುಂಡು.)

ಅವರು ತಲೆಯೆತ್ತಿ, “ಈ ಹಾಳೆ ನೀವು ಸೈಟಿನಲ್ಲಿ ಬರೆದಿದ್ದೀರಿ. ಉಳಿದದ್ದನ್ನು ಎಲ್ಲಿ ಕೂತು ಬರೆದಿರಿ?” ಅಂದರು.

ನಿಜ ಹೇಳಿದೆ. ಕ್ಯೂಬು ಹಾಕಿದ್ದು ಸುಳ್ಳಲ್ಲ, ಒಡೆದದ್ದೂ ಸುಳ್ಳಲ್ಲ. ಆದರೆ ಪ್ರತಿ ಬಿಲ್ಲಿನ ಮುಂಚಿನ ರಾತ್ರಿ ಆಫೀಸಿನಲ್ಲಿ ಕೂತು, ಬಂದ ಅಂಕಿ ಬಿಟ್ಟು ಬೇಕಾದ ಅಂಕಿ ಬರೆದಿದ್ದೆವು. 29 ಬಂದಿದ್ದರೂ 32, 36 ಬಂದಿದ್ದರೂ 32. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಎಂ25 ಅಂದರೆ 150 ಮಿ.ಮೀ. ಕ್ಯೂಬು 28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ತಡೆಯಬೇಕು, ಅಂದರೆ ಮಷಿನ್ ಮುಳ್ಳು 562 ಕಿಲೋನ್ಯೂಟನ್ ದಾಟಬೇಕು. ಆದರೆ ಕಾಂಕ್ರೀಟಿನ ಭಾರತೀಯ ಕೋಡು ಐಎಸ್ 456 ‘ಎಲ್ಲ ಕ್ಯೂಬೂ ದಾಟಲೇಬೇಕು’ ಅಂತ ಎಲ್ಲೂ ಹೇಳಿಲ್ಲ. ನೂರಕ್ಕೆ ಐದರಷ್ಟು ಫಲಿತಾಂಶ 25ರ ಕೆಳಗೆ ಬೀಳಬಹುದು ಅನ್ನುವ ಲೆಕ್ಕದ ಮೇಲೇ ಆ ಗ್ರೇಡು ನಿಂತಿದೆ. ಮಿಕ್ಸ್ ಡಿಸೈನ್ ಮಾಡುವಾಗ ಎಂ25ಕ್ಕೆ 4ರ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳ ಏರಿಳಿತದ ಅಳತೆ) ಹಿಡಿದು 31.6ಕ್ಕೆ ಗುರಿಯಿಡುವುದು ಅದಕ್ಕೇ. ಒಳ್ಳೇ ಕಾಂಕ್ರೀಟಿನ ಅಂಕಿಗಳೂ ಏರಿಳಿಯುತ್ತವೆ. 212ರಲ್ಲಿ ಏರಿಳಿತವೇ ಇಲ್ಲ ಅಂದರೆ ಅದು ಕಾಂಕ್ರೀಟಿನ ದಾಖಲೆ ಅಲ್ಲ.

ಕೋಡು ಏರಿಳಿತವನ್ನು ಒಪ್ಪುತ್ತದೆ. ಟೆಂಡರ್ ಕರಾರು, ಬಿಲ್ಲು, ಆಡಿಟ್ಟು ಒಪ್ಪುವುದಿಲ್ಲ. ಟೆಸ್ಟ್ ರಿಪೋರ್ಟ್ ಇಲ್ಲದೆ ಬಿಲ್ಲಿಲ್ಲ ಅನ್ನುವುದು ಸರಿಯಾದ ನಿಯಮವೇ. ಆದರೆ ಫೇಲಾದ ರಿಪೋರ್ಟಿನಿಂದಲೂ ಬಿಲ್ಲು ನಿಲ್ಲುತ್ತದಲ್ಲ, ಅಲ್ಲಿಂದ ಮುಂದೆ ಆ ಟೆಸ್ಟು ಪಾಸಾಗಲೇಬೇಕಾದ ಟೆಸ್ಟಾಗಿಬಿಡುತ್ತದೆ. ಗುಣಮಟ್ಟ ಬರಲಿ ಅಂತ ಬರೆದ ನಿಯಮ ನನ್ನ ಕೈಯಲ್ಲಿ ಇನ್ನೂರಕ್ಕೂ ಹೆಚ್ಚು ಸುಳ್ಳು ಬರೆಸಿತು. ನಿಮ್ಮ ಅನುಭವ ಬರೆಯಿರಿ. ಸರ್ಕಾರಿ ಕಡೆಯವರು, ಕಂತ್ರಾಟು ಮಾಡುವವರು, ಮನೆ ಕೊಂಡವರು ಎಲ್ಲರೂ.

ಮಲೆನಾಡಿಗ (ನಿವೃತ್ತ ಎಇಇ, ಸಹಾಯಕ ಕಾರ್ಯಪಾಲಕ ಇಂಜಿನಿಯರ್)

ಗುಂಡುಕಲ್ಲು ಅವರೇ, ಒಪ್ಪಿಕೊಂಡು ಬರೆದಿದ್ದೀರಿ, ದೊಡ್ಡ ಮಾತು. ಆದರೆ ನಿಯಮವನ್ನು ಬೈಯುವ ಮೊದಲು ಅದು ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದನ್ನೂ ನೋಡಿ.

ಅಳತೆ ಪುಸ್ತಕ, ನಾವು ಎಂಬಿ ಅನ್ನುವುದು, ಬ್ರಿಟಿಷರ ಕಾಲದಿಂದ ಬಂದದ್ದು. ಪುಟಗಳಿಗೆ ನಂಬರ್ ಇರುತ್ತದೆ, ಹಾಳೆ ಹರಿಯುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ. ಸಹಾಯಕ ಇಂಜಿನಿಯರ್ (ಎಇ) ಬರೆಯುತ್ತಾರೆ, ಎಇಇ ಮತ್ತೆ ಅಳೆದು ಚೆಕ್ ಮೆಜರ್‌ಮೆಂಟ್ ಮಾಡುತ್ತಾರೆ. ಕೋರ್ಟಿಗೆ ಹೋದರೆ ಅದೇ ಸಾಕ್ಷ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅಂಕಿ ಬ್ಲೇಡಿನಲ್ಲಿ ಕೆರೆದಿದ್ದೆ. ನಮ್ಮ ಕಾರ್ಯಪಾಲಕ ಇಂಜಿನಿಯರ್ (ಇಇ) ನನ್ನನ್ನು ಮುಂದೆ ನಿಲ್ಲಿಸಿಕೊಂಡು, ‘ತಪ್ಪು ಬರೆದದ್ದಕ್ಕೆ ಯಾರೂ ನಿನ್ನನ್ನು ಮನೆಗೆ ಕಳಿಸಲ್ಲ, ಕೆರೆದದ್ದಕ್ಕೆ ಕಳಿಸ್ತಾರೆ’ ಅಂದರು. ಈಗಲೂ ಕಿವಿಯಲ್ಲಿದೆ.

ಒಂದು ಕೊರತೆ ಇದೆ, ಒಪ್ಪುತ್ತೇನೆ. ಎಂಬಿಯಲ್ಲಿ ಬರುವುದು ಉದ್ದ, ಅಗಲ, ಆಳ. ಅಂದರೆ ಎಷ್ಟು ಅನ್ನುವುದು. ಹೇಗಿದೆ ಅನ್ನುವುದು ಬಿಲ್ಲಿನ ಹಿಂದೆ ಪಿನ್ ಹೊಡೆದ ಹಾಳೆಯಲ್ಲಿ ಬರುತ್ತದೆ. ಎಂಬಿಗೆ ಇದ್ದ ಭಯಭಕ್ತಿ ಆ ಹಾಳೆಗೆ ಯಾವತ್ತೂ ಬರಲಿಲ್ಲ.

ಇನ್ನು ಸರ್ಕಾರಿ ಟೆಂಡರುಗಳಿಗೆ ಬಂದ ನಮ್ಮ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ, ಕೆಟಿಪಿಪಿ. ಅದು ಬಂದು ಟೆಂಡರ್ ಎಲ್ಲರ ಕಣ್ಣಿಗೆ ಕಾಣುವಂತಾಯಿತು, ಒಳ್ಳೆಯದೇ ಆಯಿತು. ಆದರೆ ಅರ್ಹತೆ ದಾಟಿದವರಲ್ಲಿ ಯಾರ ದರ ಕಡಿಮೆಯೋ ಅವರಿಗೇ ಕೆಲಸ. ಅಂದಾಜಿಗಿಂತ ಕಾಲು ಭಾಗ ಕಡಿಮೆಗೆ ಹಿಡಿದವನು ಆ ಕಾಲು ಭಾಗವನ್ನು ಎಲ್ಲಿಂದ ಉಳಿಸುತ್ತಾನೆ ಅಂತ ಕಡತದಲ್ಲಿ ಯಾರೂ ಕೇಳುವುದಿಲ್ಲ.

ಸರಿಯಾಗಿ ಕಟ್ಟಿದ ವ್ಯವಸ್ಥೆ ನಾನು ಕಂಡದ್ದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಗಳಲ್ಲಿ. ಮೊದಲು ಸೈಟಿನ ಲ್ಯಾಬು, ಆಮೇಲೆ ರಾಜ್ಯದ ಕ್ವಾಲಿಟಿ ಮಾನಿಟರ್, ಆಮೇಲೆ ಬೇರೆ ರಾಜ್ಯದಿಂದ ಬರುವ ರಾಷ್ಟ್ರೀಯ ಮಾನಿಟರ್. ಅವರು ರಸ್ತೆ ಅಗೆಸಿ ಪದರ ಅಳೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕಟ್ಟಿದ ಗುತ್ತಿಗೆದಾರನೇ 5 ವರ್ಷ ಆ ರಸ್ತೆಯನ್ನು ನೋಡಿಕೊಳ್ಳಬೇಕು. ಮೂರು ಮಳೆಗಾಲಕ್ಕೆ ಅಂಚು ಕಿತ್ತರೆ ತನ್ನ ಕಿಸೆಯಿಂದ ಹೋಗುತ್ತದೆ ಅಂತ ಗೊತ್ತಿದ್ದವನು ಜೆಲ್ಲಿಯ ಕೆಳಗಿನ ಪದರದ ಮೇಲೆ ರೋಲರ್ ಎರಡು ಸಲ ಜಾಸ್ತಿ ಓಡಿಸುತ್ತಾನೆ. ಕಣ್ಣಾರೆ ಕಂಡಿದ್ದೇನೆ.

ಗುಂಡುಕಲ್ಲು

ಸರ್, ಎಂಬಿ ಮಾತು ನೂರಕ್ಕೆ ನೂರು. ಆ 21.8ರ ಕಥೆ ಪೂರ್ತಿ ಮಾಡುತ್ತೇನೆ.

ಒಂದು ಫಲಿತಾಂಶ 22ರ ಕೆಳಗೆ ಹೋದರೆ ಎಂ25ಕ್ಕೆ ಅದು ಫೇಲು. ಆದರೆ ಕಾಲಂ ಒಡೆಯಬೇಕು ಅಂತ ಕೋಡು ಹೇಳುವುದಿಲ್ಲ. ಅದೇ ಕಾಲಂನಿಂದ ಕನಿಷ್ಠ ಮೂರು ಕೋರ್ ತೆಗೆಯಿರಿ, ಸರಾಸರಿ ಗ್ರೇಡಿನ ಶೇ 85 ಇರಲಿ, ಯಾವೊಂದೂ ಶೇ 75ಕ್ಕಿಂತ ಕಡಿಮೆ ಇರಬಾರದು ಅನ್ನುತ್ತದೆ. ನಮ್ಮ ಮೂರು ಕೋರಿನ ಸರಾಸರಿ 22.6 ಬಂತು. 21.25 ಸಾಕಿತ್ತು. ತೀರಾ ಕಡಿಮೆ ಬಂದದ್ದು 20.1. ಕಾಲಂ ಉಳಿಯಿತು. ಕೋರ್ ತೂತುಗಳನ್ನು ಕುಗ್ಗದ ಗ್ರೌಟಿನಲ್ಲಿ (ಸಿಮೆಂಟಿನ ತೆಳು ಗಾರೆ) ನಾನೇ ನಿಂತು ಮುಚ್ಚಿಸಿದೆ.

ಅಂದರೆ ಫೇಲಾದ ಅಂಕಿ ಬರೆದರೆ ಮುಂದೆ ಹೋಗಲು ಕೋಡಿನಲ್ಲೇ ದಾರಿ ಇದೆ, ಕೋರ್ ಸಾಲದಿದ್ದರೆ ಭಾರ ಹೇರಿ ನೋಡುವ ಲೋಡ್ ಟೆಸ್ಟ್ ಕೂಡ ಇದೆ. ಆವತ್ತು ಪ್ರಾಜೆಕ್ಟ್ ಮ್ಯಾನೇಜರ್ ರಜೆಯಲ್ಲಿದ್ದರು, ತಿದ್ದು ಅನ್ನುವವರು ಯಾರೂ ಇರಲಿಲ್ಲ, ಅಷ್ಟೇ. ಎಂಟು ವರ್ಷದ ಮೇಲೆ ಇಡೀ ರಿಜಿಸ್ಟರ್‌ನಲ್ಲಿ ನಂಬಿಕೆಗೆ ಬಂದದ್ದು ಅದೊಂದೇ ಹಾಳೆ.

ಹಾವೇರಿ ಕಡೆಯವ

ನಮಸ್ಕಾರ್ರಿ. ನಾ ಇಂಜಿನಿಯರ್ ಅಲ್ಲ, ಗ್ರಾಮ ಪಂಚಾಯ್ತಿ ಮೆಂಬರ್ ಇದ್ದೆ. ಕೋರ್ ಅಂದ ಕೂಡ್ಲೆ ನಂದೊಂದು ಹೇಳ್ಬೇಕನಿಸ್ತು.

ನಮ್ಮೂರಾಗ ಸಿಸಿ ರಸ್ತೆ ಆತು. ಎಸ್ಟಿಮೇಟ್‌ನ್ಯಾಗ 150 ಮಿ.ಮೀ. ದಪ್ಪ ಅಂತಿತ್ತು. ಒಂದ ಬ್ಯಾಸಿಗಿಗೆ ಧೂಳು ಏಳಾಕ ಹತ್ತಿತು. ಕೇಳಿದ್ರ ‘ಟೆಸ್ಟ್ ರಿಪೋರ್ಟ್ ಎಲ್ಲಾ ಪಾಸ್ ಐತಿ’ ಅಂದ್ರು. ಆರ್‌ಟಿಐ ಹಾಕಿದ್ರ ರಿಪೋರ್ಟಿನ ಝೆರಾಕ್ಸ್ ಕೊಟ್ರು. ಅದನ್ನ ತಗೊಂಡು ನಾ ಏನ್ ಮಾಡ್ಲಿ?

ನಮ್ಮ ತಾಲ್ಲೂಕಿನ ಮಾಸ್ತರೊಬ್ರು ಕಾಯ್ದೆ ಪುಸ್ತಕ ತೆಗೆದು ತೋರಿಸಿದ್ರು. 2005ರ ಮಾಹಿತಿ ಹಕ್ಕು ಕಾಯ್ದೆ, ಕಲಂ 2(ಜೆ). ಮಾಹಿತಿ ಹಕ್ಕು ಅಂದ್ರ ಬರೇ ಕಾಗದ ಅಲ್ರಿ. ಕಾಮಗಾರಿ ಪರಿಶೀಲನೆ ಮಾಡೋದು, ಪ್ರಮಾಣೀಕರಿಸಿದ ಮಾದರಿ ತಗೊಳ್ಳೋದು, ಎರಡೂ ಅದರಾಗ ಬರ್ತಾವು. ನಮ್ಮ ರಾಜ್ಯದಾಗ ಅರ್ಜಿ 150 ಶಬ್ದದೊಳಗ ಇರ್ಬೇಕು, ಒಂದ ವಿಷಯ ಇರ್ಬೇಕು, 10 ರೂಪಾಯಿ ಫೀ, 30 ದಿನದಾಗ ಉತ್ತರ. ಮತ್ತ ಹಾಕಿದೆ. ಅಪೀಲಿಗೂ ಹೋಗಬೇಕಾತು, ಸುಳ್ಳು ಹೇಳೂದಿಲ್ಲ. ಕಡೀಕ ಒಂದಿನ ಕೋರ್ ಕಟ್ಟರ್ ಬಂತು.

ಆ ಮಷಿನ್ನಿಗೆ ನೀರ್ ಬೇಕಾಗ್ತದ, ಓಣಿ ಹೆಣ್ಮಕ್ಕಳು ಕೊಡದಾಗ ತಂದು ಕೊಟ್ರು. ಮೂರು ತುಂಡು ತೆಗೆದ್ರು. ಊರ ಅಗಸಿ ಹತ್ರ 148 ಇತ್ತು. ಅದು ಸರಿ ಐತಿ. ಗುಡಿ ಮುಂದ 120. ಕೆರಿ ಓಣ್ಯಾಗ 105. ಒಂದ ಅಜ್ಜಿ ಆ ತುಂಡು ಕೈಯಾಗ ಹಿಡಕೊಂಡು ಗೇಣು ಹಾಕಿ ನೋಡಿದ್ಲು. ರಿಪೋರ್ಟಿನ ಝೆರಾಕ್ಸ್ ಯಾರಿಗೂ ತಿಳಿದಿದ್ದಿಲ್ಲ, ಆ ತುಂಡು ಎಲ್ಲಾರಿಗೂ ತಿಳೀತು. ಎರಡು ಓಣಿ ಕಿತ್ತು ಮತ್ತ ಹಾಕಿದ್ರು, ಬಿಲ್ ಅಲ್ಲಿತನಕ ಹಿಡದಿದ್ರು.

ಸಣ್ಣ ಗುತ್ತಿಗೆದಾರ

ಎಲ್ಲರೂ ಗುತ್ತಿಗೆದಾರನ ಕಡೆಗೇ ಬೆರಳು ತೋರಿಸುತ್ತೀರಿ. ನನ್ನ ಮಾತೂ ಕೇಳಿ. ಕ್ಲಾಸ್-2 ಲೈಸೆನ್ಸ್, ಅಪ್ಪನ ಕಾಲದಿಂದ ಇದೇ ಕೆಲಸ. ಕೆಟ್ಟ ಕೆಲಸ ಮಾಡಿ ಊರಲ್ಲಿ ತಲೆಯೆತ್ತಿ ಓಡಾಡಲು ನನಗೂ ಆಗುವುದಿಲ್ಲ.

ಟೆಂಡರ್ ಪುಸ್ತಕದಲ್ಲಿ ಗುಣಮಟ್ಟದ ಜವಾಬ್ದಾರಿ ಅಷ್ಟೂ ನನ್ನ ತಲೆ ಮೇಲೆ. ಲ್ಯಾಬು ನಾನೇ ಇಡಬೇಕು, ಹುಡುಗನನ್ನು ನಾನೇ ಇಟ್ಟುಕೊಳ್ಳಬೇಕು, ಎನ್‌ಎಬಿಎಲ್ ಲ್ಯಾಬಿನ (ಮಾನ್ಯತೆ ಪಡೆದ ಹೊರಗಿನ ಲ್ಯಾಬು) ಫೀ ನಾನೇ ಕಟ್ಟಬೇಕು. ಇದ್ಯಾವುದಕ್ಕೂ ಟೆಂಡರಿನ ಬಿಒಕ್ಯೂನಲ್ಲಿ (ಕೆಲಸಗಳ ಪಟ್ಟಿ) ಬೇರೆ ಐಟಂ ಇಲ್ಲ, ಎಲ್ಲ ‘ದರದಲ್ಲಿ ಸೇರಿದೆ’. ಕಳೆದ ಸಲ ಮುಗಿಸಿದ ಕೆಲಸದ ಬಿಲ್ಲು ಬರಲು 14 ತಿಂಗಳು ಹಿಡಿಯಿತು. ಬಡ್ಡಿ ಕಟ್ಟುತ್ತಾ ಕೂತವನು ಗೋಣಿಚೀಲ ತಂದು 10 ದಿನ ನೀರು ಹೊಡೆಸುವ ಆಳಿಗೆ ಕೂಲಿ ಕೊಡುವಾಗ ಏನು ಲೆಕ್ಕ ಹಾಕುತ್ತಾನೆ ಅಂತ ನಿಮಗೇ ಗೊತ್ತು. ನಾನು ಕೊಟ್ಟಿದ್ದೇನೆ. ಎಲ್ಲರೂ ಕೊಡುವುದಿಲ್ಲ.

ಕಾನೂನು ಎಲ್ಲಿ ಕೆಲಸ ಮಾಡಿದೆ ಅಂತಲೂ ಹೇಳುತ್ತೇನೆ. ಸಿಮೆಂಟು, ಕಂಬಿ. ಸಿಮೆಂಟಿಗೆ 2003ರ ಕ್ವಾಲಿಟಿ ಕಂಟ್ರೋಲ್ ಆರ್ಡರ್ ಇದೆ, ಐಎಸ್‌ಐ ಮುದ್ರೆ ಇಲ್ಲದ ಚೀಲ ಮಾರುವ ಹಾಗೇ ಇಲ್ಲ. ಕಂಬಿಗೂ ಅಷ್ಟೇ, ಐಎಸ್ 1786ರ ಮುದ್ರೆ ಬೇಕು. ಅಪ್ಪನ ಕಾಲದಲ್ಲಿ ಕಂಬಿ ಬಗ್ಗಿಸಿದರೆ ಬಳೆ ಒಡೆದ ಹಾಗೆ ಒಡೆಯುತ್ತಿತ್ತಂತೆ. ಈಗ ಅದು ಕಾಣುವುದಿಲ್ಲ. ಆದರೂ ಹುಷಾರಾಗಿರಬೇಕು. ಕಂಬಿ ಕಟ್ಟಿನ ತಗಡಿನ ಟ್ಯಾಗಿನಲ್ಲಿ ಹೀಟ್ ನಂಬರ್, ಅಂದರೆ ಆ ಉಕ್ಕನ್ನು ಕರಗಿಸಿದ ಸಲದ ನಂಬರ್, ಇರುತ್ತದೆ. ಅಂಗಡಿಯವರು ಕೊಡುವ ಮಿಲ್ ಸರ್ಟಿಫಿಕೇಟಿನಲ್ಲೂ ಅದೇ ನಂಬರ್ ಇರಬೇಕು. ಎಷ್ಟೋ ಸಲ ಹಳೇ ಸರ್ಟಿಫಿಕೇಟ್ ಝೆರಾಕ್ಸ್ ಮಾಡಿ ಎಲ್ಲ ಲೋಡಿಗೂ ಅದನ್ನೇ ಕೊಡುತ್ತಾರೆ. ಟ್ಯಾಗ್ ಕಿತ್ತು ಬಿಸಾಡುವ ಮೊದಲು ಫೋಟೋ ತೆಗೆಯಲು ನಮ್ಮ ಬಾರ್ ಬೆಂಡರ್‌ಗೆ ಹೇಳಿಟ್ಟಿದ್ದೇನೆ.

ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಮಾತ್ರ ಕ್ರಷರ್‌ನವನ ಇಷ್ಟ. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಶೇ 15 ದಾಟಬಾರದು ಅಂತ ಐಎಸ್ 383 ಹೇಳುತ್ತದೆ. ಬೆಳಿಗ್ಗೆ ಲೋಡಿನಲ್ಲಿ ಒಂದು, ಸಂಜೆ ಲೋಡಿನಲ್ಲಿ ಇನ್ನೊಂದು. ಪುಡಿ ಜಾಸ್ತಿಯಾದರೆ ನೀರು ಜಾಸ್ತಿ ಕುಡಿಯುತ್ತದೆ, ಕ್ಯೂಬು ಬೀಳುತ್ತದೆ, ನೋಟಿಸು ನನಗೆ ಬರುತ್ತದೆ. ಕ್ರಷರ್‌ನವನಿಗೆ ಬರುವುದಿಲ್ಲ.

ಕರಿಕೋಟು (ವಕೀಲೆ, ಧಾರವಾಡ)

ದಾಖಲೆ ಬಗ್ಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

2019ರ ಮಾರ್ಚ್ 19ರಂದು ನಮ್ಮೂರಿನ ಕುಮಾರೇಶ್ವರ ನಗರದಲ್ಲಿ ಇನ್ನೂ ಕೆಲಸ ನಡೆಯುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ದಿನಗಟ್ಟಲೆ ಅವಶೇಷ ತೆಗೆಯುತ್ತಿದ್ದರು. ನಾನು ಆ ರಸ್ತೆಯಲ್ಲಿ ನಿಂತು ನೋಡಿದವಳು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಮತ್ತೆ ಅದೇ, ಕಟ್ಟುತ್ತಿದ್ದ ಕಟ್ಟಡವೇ, 9 ಕಾರ್ಮಿಕರು. ಇಂಥ ಕಡೆ ಮೊದಲು ಹಾಕುವುದು ನಿರ್ಲಕ್ಷ್ಯದಿಂದಾದ ಸಾವಿನ ಕಲಂ. ಹಳೇ ಐಪಿಸಿ 304ಎ ಅಡಿ ಹೆಚ್ಚೆಂದರೆ 2 ವರ್ಷ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106(1), ಅದರಲ್ಲಿ 5 ವರ್ಷದವರೆಗೆ. ಗೊತ್ತಿದ್ದೂ ಮಾಡಿದರು ಅಂತಾದರೆ 105, ಅದು ಇನ್ನೂ ದೊಡ್ಡದು.

ಆಗ ಪೊಲೀಸರು ಹುಡುಕುವುದು ಏನನ್ನು? ಸೈಟ್ ಡೈರಿ, ಕಾಂಕ್ರೀಟಿನ ಡೆಲಿವರಿ ಚಲನ್, ಕ್ಯೂಬ್ ರಿಜಿಸ್ಟರ್, ಫೋನಿನ ಮೆಸೇಜು. ರಿಜಿಸ್ಟರ್‌ನಲ್ಲಿ ಯಾರ ಸಹಿ ಇದೆಯೋ ಅವರಿಂದ ಪ್ರಶ್ನೆ ಶುರು. ಬಹಳ ಸಲ ಅದು 25-26 ವಯಸ್ಸಿನ ಹುಡುಗ ಅಥವಾ ಹುಡುಗಿ. ‘ಸರ್ ಹೇಳಿದ್ರು, ಸಹಿ ಹಾಕಿದೆ’ ಅಂದರೆ ನಡೆಯುವುದಿಲ್ಲ. ‘ಇಂಥ ದಿನ ಪ್ರಾಪ್ಸ್ (ಸ್ಲ್ಯಾಬಿನ ಕೆಳಗಿನ ಆಸರೆ ಕಂಬ) ತೆಗೆಯಬೇಡಿ ಅಂದಿದ್ದೆ, ಇಲ್ಲಿ ಬರೆದಿದ್ದೇನೆ’ ಅಂದರೆ ಅದಕ್ಕೆ ತೂಕ ಇದೆ. ಫೋನಿನ ಫೋಟೋ, ಮೆಸೇಜು ಕೋರ್ಟಿಗೆ ಬರಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕು, ಆದ್ದರಿಂದ ಮೂಲ ಫೋನು, ಮೂಲ ಫೈಲು ಉಳಿಸಿಕೊಳ್ಳಿ.

ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದಲೋ ಗುತ್ತಿಗೆದಾರನಿಂದಲೋ ಮನೆ ಕಟ್ಟಿಸುವವರಿಗೂ ಒಂದು ಮಾತು. ಅಲ್ಲಿ ರೇರಾ, ಅಂದರೆ ಬಿಲ್ಡರುಗಳಿಗೆ ಅನ್ವಯಿಸುವ ರಿಯಲ್ ಎಸ್ಟೇಟ್ ಕಾಯ್ದೆ, ಬರುವುದಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’ಯೇ. 50 ಲಕ್ಷದೊಳಗೆ ಹಣ ಕೊಟ್ಟಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು, ಎರಡು ವರ್ಷದೊಳಗೆ ಹೋಗಬೇಕು. ಬರೀ ಬಾಯಿಮಾತಿನ ಕರಾರಿದ್ದರೆ ಬಹಳ ಕಷ್ಟ. ಸ್ಟಾಂಪ್ ಪೇಪರಿನಲ್ಲಿ ಒಂದು ಸಾಲು ಸೇರಿಸಿ: ಯಾವ ಗ್ರೇಡು, ಯಾವ ಕಂಬಿ, ಎಷ್ಟು ದಿನ ನೀರು.

ಬ್ಲಾಕ್-ಸಿ ನಿವಾಸಿ (ಬೆಂಗಳೂರು)

ನಾವು ಅಪಾರ್ಟ್‌ಮೆಂಟಿನವರು. ಮನೆಗೆ ಬಂದು ಮೂರನೇ ವರ್ಷಕ್ಕೆ ಬೇಸ್‌ಮೆಂಟಿನ ಗೋಡೆಯಲ್ಲಿ ನೀರು, ಬಾಲ್ಕನಿ ತಳದಲ್ಲಿ ಗಾರೆ ಉದುರಿ ಕಂಬಿ ಕಾಣತೊಡಗಿತು. ಬಿಲ್ಡರ್ ಕಡೆಯವರು ‘ವಾರಂಟಿ ಒಂದು ವರ್ಷ, ಅಗ್ರಿಮೆಂಟ್ ನೋಡಿ’ ಅಂದರು. ನಾವೂ ನಂಬಿ ಆರು ತಿಂಗಳು ಸುಮ್ಮನಿದ್ದೆವು.

ರೇರಾ ಕಾಯ್ದೆಯ 14(3) ನೋಡಿ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಸ್ಟ್ರಕ್ಚರಲ್ ದೋಷ, ಕೆಲಸದ ದೋಷ ಏನೇ ತಿಳಿಸಿದರೂ 30 ದಿನದಲ್ಲಿ ದುಡ್ಡು ತೆಗೆದುಕೊಳ್ಳದೆ ಸರಿಮಾಡಬೇಕು. ಇಲ್ಲದಿದ್ದರೆ ಪರಿಹಾರ. ಅಗ್ರಿಮೆಂಟಿನ ಒಂದು ವರ್ಷದ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಬರೆದು ತಿಳಿಸಬೇಕು, ತಾರೀಕು ಇರಬೇಕು. ನಾವು ಬಾಲ್ಕನಿ ಬಾಲ್ಕನಿಗೂ ಸ್ಕೇಲ್ ಇಟ್ಟು ಫೋಟೋ ತೆಗೆದೆವು. ಕಂಬಿಯ ಮೇಲೆ ಕನಿಷ್ಠ 20 ಮಿ.ಮೀ. ಕವರ್ (ಕಂಬಿ ಮುಚ್ಚುವ ಕಾಂಕ್ರೀಟು) ಇರಬೇಕಾದ ಕಡೆ 6, 8 ಅಷ್ಟೇ ಇತ್ತು. ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡದೆ ಮೋಲ್ಡ್ ಹಾಕಿದ್ದಾರೆ ಅಂತ ನಮ್ಮ ಕಡೆಯ ಸ್ಟ್ರಕ್ಚರಲ್ ಇಂಜಿನಿಯರ್ ಒಂದೇ ನೋಟಕ್ಕೆ ಹೇಳಿದರು. ಒಂದು ಬ್ಲಾಕಿಗೆ ಎರಡೋ ಮೂರೋ ರೂಪಾಯಿ ಆಗುತ್ತೇನೋ! ರಿಪೇರಿ ಈಗ ನಡೆಯುತ್ತಿದೆ, ಬಿಲ್ಡರ್ ಖರ್ಚಿನಲ್ಲೇ.

ನನಗೊಂದು ಪ್ರಶ್ನೆ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದಿದ್ದರೆ ಕರೆಂಟು, ನೀರು, ಸಾಲ ಎಲ್ಲಕ್ಕೂ ತೊಡಕು. ಒಸಿ ಇದೆ ಅಂದರೆ ಕಟ್ಟಡ ಗಟ್ಟಿ ಅಂತ ಅರ್ಥವಾ?

ಮಲೆನಾಡಿಗ

ಇಲ್ಲಮ್ಮ. ಒಸಿ ಕೊಡುವಾಗ ಮುಖ್ಯವಾಗಿ ನೋಡುವುದು ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರಾ, ಸೆಟ್‌ಬ್ಯಾಕ್ (ಸುತ್ತ ಖಾಲಿ ಜಾಗ) ಬಿಟ್ಟಿದ್ದಾರಾ, ಎಷ್ಟು ಅಂತಸ್ತು ಅನ್ನುವುದನ್ನು. ಗಟ್ಟಿತನಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಸರ್ಟಿಫಿಕೇಟ್ ಇರುತ್ತದೆ. ಅದನ್ನು ಕೊಟ್ಟವರು ಕಂಬಿ ಕಟ್ಟಿದ ದಿನ ಸೈಟಿಗೆ ಬಂದಿದ್ದರಾ ಅಂತ ಕೇಳಿ. ಅದು ಕೇಳಬೇಕಾದ ಪ್ರಶ್ನೆ.

ಕುಂದಾಪ್ರದವ

ಬಾಲ್ಕನಿ ಕವರಿನ ಮಾತು ಓದಿ ಬರೆಯದೆ ಇರಲಿಕ್ಕೆ ಆಗಲಿಲ್ಲ ಮಾರಾಯ್ರೆ. ನಾನು 2006ರಿಂದ 2019ರವರೆಗೆ ದುಬೈಯಲ್ಲಿ ಕನ್ಸಲ್ಟೆಂಟ್ ಕಡೆಯ ಇನ್‌ಸ್ಪೆಕ್ಟರ್ ಆಗಿದ್ದೆ. ನಮ್ಮ ಕರಾವಳಿಯವರು ಆ ಕೆಲಸದಲ್ಲಿ ರಾಶಿ ಜನ.

ನಾನಿದ್ದಾಗ ಅಲ್ಲಿ 1985ರ ಸಿವಿಲ್ ಕಾನೂನಿನ 880ನೇ ಕಲಂ ಇತ್ತು. ಕಟ್ಟಡ ಪೂರ್ತಿಯಾಗಲಿ ಸ್ವಲ್ಪವಾಗಲಿ ಬಿದ್ದರೆ, ಅದರ ಭದ್ರತೆಗೆ ಅಪಾಯ ತರುವ ದೋಷ ಕಂಡರೆ, 10 ವರ್ಷ ಗುತ್ತಿಗೆದಾರನೂ ಮೇಲ್ವಿಚಾರಣೆ ಮಾಡಿದ ಇಂಜಿನಿಯರನೂ ಒಟ್ಟಿಗೇ ಹೊಣೆ. ಕರಾರಿನಲ್ಲಿ ಬರೆದು ತಪ್ಪಿಸಿಕೊಳ್ಳಲಿಕ್ಕೂ ಆಗುವುದಿಲ್ಲ. ‘ಒಟ್ಟಿಗೇ’ ಅನ್ನುವ ಆ ಒಂದು ಶಬ್ದ ಸೈಟನ್ನೇ ಬದಲು ಮಾಡುತ್ತದೆ. ಕಂಬಿ ಕಟ್ಟಿ ಮುಗಿದ ಕೂಡಲೆ ಗುತ್ತಿಗೆದಾರ ಇನ್‌ಸ್ಪೆಕ್ಷನ್ ರಿಕ್ವೆಸ್ಟ್ ಕೊಡಬೇಕು, ನಾವು ಹೋಗಿ ನೋಡಿ ಸಹಿ ಹಾಕುವವರೆಗೆ ಪಂಪ್ ಚಾಲೂ ಮಾಡುವ ಹಾಗಿಲ್ಲ. 45 ಡಿಗ್ರಿ ಬಿಸಿಲಿನಲ್ಲಿ ಮೊಣಕಾಲೂರಿ ಕವರ್ ಬ್ಲಾಕ್ ಎಣಿಸಿದ್ದೇನೆ. ನಾನು ರಿಜೆಕ್ಟ್ ಮಾಡಿದರೆ ನಮ್ಮ ಸೀನಿಯರ್ ಯಾವತ್ತೂ ‘ಬಿಡು ಮಾರಾಯ’ ಅನ್ನಲಿಲ್ಲ. ಅವರ ಹೆಸರೂ ಅದರಲ್ಲಿ 10 ವರ್ಷ ಇರುತ್ತಿತ್ತಲ್ಲ.

ಇನ್ನೊಂದು. ತಾತ್ಕಾಲಿಕ ಕೆಲಸಕ್ಕೂ, ಅಂದರೆ ಸೆಂಟ್ರಿಂಗಿಗೆ, ನಿಲ್ಲಿಸಿದ ಕಂಬಿ ಗೂಡಿಗೆ ಕೊಡುವ ಆಸರೆಗೆ, ನಾನಿದ್ದ ಸೈಟುಗಳಲ್ಲಿ ಬೇರೆ ಡ್ರಾಯಿಂಗ್, ಬೇರೆ ಸಹಿ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಹತ್ತಿರ ಮೆಟ್ರೊ ಪಿಲ್ಲರಿನ ಕಂಬಿ ಗೂಡು ರಸ್ತೆಗೆ ಬಿದ್ದು, ಟೂ ವೀಲರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎರಡೂವರೆ ವರ್ಷದ ಮಗು ಹೋದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು. ಆ ಪಿಲ್ಲರಿಗೆ ಕಾಂಕ್ರೀಟೇ ಬಿದ್ದಿರಲಿಲ್ಲ, ಕ್ಯೂಬ್ ರಿಜಿಸ್ಟರ್‌ನಲ್ಲಿ ಅದಕ್ಕೊಂದು ಸಾಲೂ ಇರಲಿಕ್ಕಿಲ್ಲ. ನಾವು ಟೆಸ್ಟ್ ಮಾಡುವುದೆಲ್ಲ ಕಟ್ಟಿ ಮುಗಿದ ವಸ್ತುವನ್ನು. ಜನ ಸಾಯುವುದು ಬಹಳ ಸಲ ಕಟ್ಟುತ್ತಿರುವಾಗ.

ಹೊಸ ಇಂಜಿನಿಯರ್

ನಮಸ್ತೆ. ಎರಡು ದಿನದಿಂದ ಓದುತ್ತಿದ್ದೇನೆ. ನಾನು ಕೆಲಸಕ್ಕೆ ಸೇರಿ 11 ತಿಂಗಳಾಯಿತು. ಬೆಂಗಳೂರಿನ ಹೊರಗೆ ಒಂದು ಸೈಟು.

ನಮ್ಮಲ್ಲಿ ಕ್ಯೂಬ್ ಹಾಕುವುದು ಮೊದಲ ಟಿಎಂನಿಂದ ಮಾತ್ರ. ಅದು ಚೆನ್ನಾಗಿರುತ್ತದೆ. ಸಂಜೆ ಬರುವ ಟಿಎಂಗಳು ಟ್ರಾಫಿಕ್‌ನಲ್ಲಿ ಸಿಕ್ಕಿ ಗಟ್ಟಿಯಾಗಿರುತ್ತವೆ, ಪಂಪ್‌ನವರು ನೀರಿನ ಪೈಪ್ ಬಿಟ್ಟುಬಿಡುತ್ತಾರೆ. ಬೇಡ ಅಂದರೆ ‘ಮೇಡಂ, ಪಂಪ್ ಜಾಮ್ ಆದ್ರೆ ನೀವು ಬಿಚ್ತೀರಾ?’ ಅಂತ ಕೇಳುತ್ತಾರೆ. ರಿಜಿಸ್ಟರ್‌ಗೆ ಸಹಿ ನನ್ನದು. ವಕೀಲರು ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಶನಿವಾರ ಸ್ಲ್ಯಾಬ್ ಇದೆ, 90 ಕ್ಯೂಬಿಕ್ ಮೀಟರ್. ಏನು ಮಾಡಲಿ?

ಗುಂಡುಕಲ್ಲು

ತಂಗಿ, ಕೇಳಿದ್ದು ಒಳ್ಳೆಯದಾಯಿತು. ನಿನ್ನ ವಯಸ್ಸಿನಲ್ಲಿ ನಾನು ಯಾರನ್ನೂ ಕೇಳಲಿಲ್ಲ.

90 ಕ್ಯೂಬಿಕ್ ಮೀಟರ್ ಅಂದರೆ 50ರವರೆಗೆ 4 ಸ್ಯಾಂಪಲ್, ಅದರ ಮೇಲೆ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಇನ್ನೊಂದು. ಒಟ್ಟು 5. ಸ್ಯಾಂಪಲ್ ಒಂದಕ್ಕೆ 28 ದಿನದ್ದು ಮೂರು ಕ್ಯೂಬು, 7 ದಿನಕ್ಕೂ ಬೇಕಿದ್ದರೆ ಬೇರೆ ಹಾಕು. ಐದನ್ನೂ ಮೊದಲ ಗಾಡಿಯಿಂದ ತೆಗೆಯಬೇಡ, ಇಡೀ ಸ್ಲ್ಯಾಬಿಗೆ ಹಂಚು. ಸಂಜೆಯ ಗಾಡಿ ಒಂದಾದರೂ ಇರಲೇಬೇಕು. ಪ್ರತಿ ಅಚ್ಚಿನ ಮೇಲೆ ಟಿಎಂ ನಂಬರು, ಸ್ಲ್ಯಾಬಿನ ಯಾವ ಗ್ರಿಡ್ಡಿಗೆ ಹೋಯಿತು ಅನ್ನುವುದನ್ನು ಬರೆ.

ಚಲನ್ ಕೈಗೆ ಬಂದ ಕೂಡಲೆ ಲೋಡ್ ಆದ ಹೊತ್ತು ನೋಡು. ಐಎಸ್ 4926 ಪ್ರಕಾರ ಲೋಡ್ ಆಗಿ 2 ಗಂಟೆಯೊಳಗೆ ಸುರಿದು ಮುಗಿಯಬೇಕು. ರಿಟಾರ್ಡರ್ (ಬೇಗ ಗಟ್ಟಿಯಾಗದಂತೆ ತಡೆಯುವ ರಾಸಾಯನಿಕ) ಹಾಕಿ ಹೆಚ್ಚು ಹೊತ್ತಿಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದರೆ ಆ ಮಾತು ಬೇರೆ, ಆ ಒಪ್ಪಿಗೆಯ ಕಾಗದ ಕೇಳು. ಪಂಪ್‌ನವರ ಜೊತೆ ಸಂಜೆ ಜಗಳ ಮಾಡಬೇಡ, ಬೆಳಿಗ್ಗೆಯೇ ಕಾಂಕ್ರೀಟ್ ಪ್ಲಾಂಟಿನ ಕ್ವಾಲಿಟಿಯವರಿಗೆ ಫೋನ್ ಮಾಡಿ ‘ಸಂಜೆ ಗಾಡಿ ಗಟ್ಟಿಯಾಗುತ್ತೆ, ಅಡ್‌ಮಿಕ್ಸ್ಚರ್ ಹಿಡಿದ ಮನುಷ್ಯನನ್ನ ಕಳಿಸಿ’ ಅನ್ನು. ಅಡ್‌ಮಿಕ್ಸ್ಚರ್ ಅಂದರೆ ನೀರು ಸೇರಿಸದೆ ಕಾಂಕ್ರೀಟು ಸಡಿಲ ಮಾಡುವ ರಾಸಾಯನಿಕ. ನೀರಿಗಿಂತ ಅದು ದುಬಾರಿ, ಅದಕ್ಕೇ ಯಾರೂ ತಾವಾಗಿ ಕಳಿಸುವುದಿಲ್ಲ. ಕೇಳಿದರೆ ಕಳಿಸುತ್ತಾರೆ.

ಪಂಪ್‌ನವರಿಗೆ ಲೆಕ್ಕ ತೋರಿಸು. 6 ಕ್ಯೂಬಿಕ್ ಮೀಟರಿನ ಗಾಡಿಗೆ 100 ಲೀಟರ್ ಬಿಟ್ಟರೆ ಪ್ರತಿ ಕ್ಯೂಬಿಕ್ ಮೀಟರಿಗೆ ಸುಮಾರು 17 ಲೀಟರ್. 320 ಕೆ.ಜಿ. ಸಿಮೆಂಟಿಗೆ 160 ಲೀಟರ್ ಇದ್ದದ್ದು 177 ಆಗುತ್ತದೆ, ನೀರು-ಸಿಮೆಂಟಿನ ಅನುಪಾತ 0.50 ಇದ್ದದ್ದು 0.55. ಎಂ25 ಅಂತ ದುಡ್ಡು ಕೊಟ್ಟು ಅದಕ್ಕಿಂತ ಕೆಳಗಿನದನ್ನು ಸ್ಲ್ಯಾಬಿಗೆ ಸುರಿದ ಹಾಗೆ. ಬೇಡ ಅಂದರೂ ನೀರು ಬಿಟ್ಟರೆ ಚಲನ್ ಹಿಂದೆಯೇ ಬರೆ, ಎಷ್ಟು ಹೊತ್ತಿಗೆ, ಸುಮಾರು ಎಷ್ಟು ಲೀಟರ್, ನಿಲ್ಲಿಸಿ ಅಂತ ಯಾರಿಗೆ ಹೇಳಿದೆ. ನೀರು ಬಿಟ್ಟ ಮೇಲೆ ಆ ಗಾಡಿಯಿಂದಲೇ ಒಂದು ಸ್ಯಾಂಪಲ್ ತೆಗೆ. ಅಂಕಿ ಎಷ್ಟು ಬರುತ್ತದೋ ಅಷ್ಟೇ ಬರೆ. ಅವತ್ತೇ ಬರೆ.

ಸಣ್ಣ ಗುತ್ತಿಗೆದಾರ

ಮೇಡಂ, ಒಂದು ಸೇರಿಸುತ್ತೇನೆ. ಸ್ಲಂಪ್ ಕೋನ್ (ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಅಂತ ಅಳೆಯುವ ಅಚ್ಚು) ಹಿಡಿದು ಗೇಟಿನ ಹತ್ತಿರವೇ ನಿಲ್ಲಿ, ಪಂಪಿನ ಹತ್ತಿರ ಅಲ್ಲ. ಗೇಟಿನಲ್ಲಿ ವಾಪಸ್ ಕಳಿಸಿದರೆ ಪ್ಲಾಂಟಿನ ನಷ್ಟ. ಪಂಪಿಗೆ ಬಂದ ಮೇಲೆ ಕಳಿಸಿದರೆ ನಮ್ಮ ನಷ್ಟ, ಆಗ ನಮ್ಮವರೇ ನಿಮ್ಮ ಮೇಲೆ ಬೀಳುತ್ತಾರೆ.

ಹೊಸ ಇಂಜಿನಿಯರ್

ಸ್ಲ್ಯಾಬ್ ಈಗ ಮುಗಿಯಿತು, ರಾತ್ರಿ ಹತ್ತೂವರೆ. 15 ಗಾಡಿ ಬಂದವು. 11ನೇದನ್ನು ಗೇಟಿನಲ್ಲೇ ವಾಪಸ್ ಕಳಿಸಿದೆ, ಲೋಡ್ ಆಗಿ 2 ಗಂಟೆ 50 ನಿಮಿಷ ಆಗಿತ್ತು, ಸ್ಲಂಪ್ 40 ಮಿ.ಮೀ., ಗಟ್ಟಿಯಾಗಿತ್ತು. ಮ್ಯಾನೇಜರ್ ಕೂಗಾಡಿದರು, ಆಮೇಲೆ ಚಲನ್ ನೋಡಿ ಸುಮ್ಮನಾದರು. ಅದರ ಬದಲಿಗೆ ಬಂದ ಗಾಡಿ ಚೆನ್ನಾಗಿತ್ತು. 13ನೇದಕ್ಕೆ ನಾನು ಆಚೆ ಕಡೆ ಇದ್ದಾಗ ನೀರು ಬಿಟ್ಟಿದ್ದಾರೆ. ಎಷ್ಟು ಅಂತ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೆದಿದ್ದೇನೆ. ಅದರಿಂದ ಸ್ಯಾಂಪಲ್ ತೆಗೆದಿದ್ದೇನೆ, ಸ್ಲ್ಯಾಬಿನ ಎಫ್-2ರಿಂದ ಎಫ್-4 ಗ್ರಿಡ್ಡಿನವರೆಗೆ ಹೋಗಿದೆ. ಅಚ್ಚುಗಳ ಮೇಲೆ ಒದ್ದೆ ಗೋಣಿ ಹಾಕಿ ಬಂದೆ. ನಾಳೆ ಬೆಳಿಗ್ಗೆ ಬಿಚ್ಚಿ ನೀರಿನ ತೊಟ್ಟಿಗೆ ಹಾಕಬೇಕು.